ಬೆಂಕಿ ಕಂಡ ಇಟ್ಟಂಗಿ

ಆರನೆಯ ಸುತ್ತಿನ ಮೊದಲ ಇಟ್ಟಂಗಿ ಇಟ್ಟ ಕೂಡಲೇ ಜಾರಿತು. ಎತ್ತಿ ಮತ್ತೆ ಕೂರಿಸಿ ಅಂಗೈಯಿಂದ ಒತ್ತಿ ಹಿಡಿದೆ. ಕೈ ಸಡಿಲಿಸಿದರೆ ಮತ್ತೆ ಜಾರುತ್ತಿತ್ತು. ಕೆಳಗಿನ ಸುತ್ತಿನ ಹಾಸು ಒಳಮುಖವಾಗಿ ಐವತ್ತು ಡಿಗ್ರಿಯಷ್ಟು ವಾಲಿತ್ತು, ಮೇಲೆ ಹಸಿ ಮಣ್ಣು. ಅದರ ಮೇಲೆ ಒಂದೂವರೆ ಕಿಲೋ ತೂಕದ ತುಂಡು ಇಟ್ಟಂಗಿ ನಿಲ್ಲುವುದಾದರೂ ಹೇಗೆ? ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಗೌಂಡಿ ಅಜ್ಜ ಕರಣಿ ಕೆಳಗಿಟ್ಟು ಹೇಳಿದರು: "ನೀ ಎಷ್ಟೊತ್ತಂತ ಹಿಡೀತಿ? ಸುತ್ತು ಮುಗೀಲಿ. ಇಟ್ಟಂಗಿನ್ನ ಇಟ್ಟಂಗೀನ ಹಿಡೀತೈತಿ."

ಸುತ್ತು ಮುಗಿಯಲು ಹದಿಮೂರು ತುಂಡು ಬೇಕಾದವು. ಒಂದೊಂದಕ್ಕೂ ಒಂದು ಕೈಯ ಆಸರೆ. ಮನೆಯ ಹುಡುಗರು, ಪಕ್ಕದ ಮನೆಯವರು, ನಾನು, ಎಲ್ಲರೂ ಸುತ್ತ ನಿಂತು ಒಂದೊಂದು ಇಟ್ಟಂಗಿಯನ್ನು ಒತ್ತಿ ಹಿಡಿದೆವು. ಅಜ್ಜ ಹದಿಮೂರನೆಯ ತುಂಡನ್ನು ತುಸು ಬೆಣೆಯಾಗಿ ಕೆತ್ತಿ, ಸಂದಿಗೆ ಇಳಿಸಿ, ಕಟ್ಟಿಗೆಯ ಕೊಡತಿಯಿಂದ ಮೂರು ಸಲ ಮೆಲ್ಲಗೆ ಬಡಿದರು. "ಬಿಡ್ರಿ" ಅಂದರು. ಅಳುಕುತ್ತಲೇ ಎಲ್ಲರೂ ಕೈ ತೆಗೆದೆವು. ಒಂದೂ ಬೀಳಲಿಲ್ಲ. ಅಜ್ಜ ಆ ಬಳೆಯ ಮೇಲೆ ತಮ್ಮ ಮೊಣಕೈ ಊರಿ ಭಾರ ಹಾಕಿದರು. ಆಗಲೂ ಅಲುಗಲಿಲ್ಲ.

ಹುನಗುಂದ ಮತ್ತು ಇಳಕಲ್ ನಡುವಿನ ನಮ್ಮ ಹಿತ್ತಲಲ್ಲಿ ಕಟ್ಟಿಗೆ ಒಲೆಯೊಂದಕ್ಕೆ ಗುಮ್ಮಟ ಕಟ್ಟಿದ ಕತೆ ಇದು. ಒಳಗಿನ ಅಗಲ ಮೂರು ಅಡಿ, ಎತ್ತರ ಒಂದೂವರೆ ಅಡಿ. ಹಳೆಯ ಬೇಕರಿಗಳ ಹಿಂಬದಿಯಲ್ಲಿ ಉದ್ದನೆಯ ಮರದ ಸಲಿಕೆ ಹಿಡಿದು ಪಾವ್ ತೆಗೆಯುತ್ತಿದ್ದ ಭಟ್ಟಿಯನ್ನು ನೋಡುತ್ತ ಬೆಳೆದವರಿಗೆ ಅದರ ಆಸೆ ಹೊಸದೇನಲ್ಲ. ಆದರೆ ಕಟ್ಟಲು ಕೂತಾಗ ಮಾತ್ರ, ನಾವು ದಿನವೂ ತುಳಿಯುವ ಕಲ್ಲು, ಮಣ್ಣು, ಸುಣ್ಣದ ಬಗ್ಗೆ ನಮಗೆ ಎಷ್ಟು ಕಡಿಮೆ ಗೊತ್ತು ಎಂಬುದು ಗೊತ್ತಾಗುತ್ತದೆ.

ಮೂರು ಕಲ್ಲು ಸೋತ ಕಡೆ

ಬಾಗಲಕೋಟೆ ಕಲ್ಲಿನ ಜಿಲ್ಲೆ. ಬಾದಾಮಿಯಲ್ಲಿ ಕೆಂಪು ಮರಳುಗಲ್ಲು. ಇಳಕಲ್ಲಿನಲ್ಲಿ ದೇಶವಿದೇಶಕ್ಕೆ ಹೋಗುವ ನಸುಗೆಂಪು ಗ್ರಾನೈಟ್. ಬಾಗಲಕೋಟೆ, ಲೋಕಾಪುರ, ಕಲಾದಗಿ ಕಡೆಗೆ ಸುಣ್ಣಕಲ್ಲು. ಭೂವಿಜ್ಞಾನಿಗಳು ಈ ಮರಳುಗಲ್ಲು, ಸುಣ್ಣಕಲ್ಲುಗಳ ಪದರಗಳಿಗೆ ಕಲಾದಗಿಯ ಹೆಸರನ್ನೇ ಇಟ್ಟಿದ್ದಾರೆ. ಇಳಕಲ್ಲಿನ ಗ್ರಾನೈಟ್ ಅವೆಲ್ಲಕ್ಕಿಂತ ಹಳೆಯದು. ಇಷ್ಟೆಲ್ಲ ಕಲ್ಲಿರುವಾಗ ಒಲೆಗೆ ಇಟ್ಟಂಗಿ ಯಾಕೆ ಎಂದು ನಾನೂ ಕೇಳಿದ್ದೆ. ಉತ್ತರ ಬೆಂಕಿಯ ಹತ್ತಿರವೇ ಇತ್ತು.

ಮರಳುಗಲ್ಲು ಎಂದರೆ ಬಹುಪಾಲು ಸ್ಫಟಿಕದ ಹರಳುಗಳು. ಕಾವು 573 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಸ್ಫಟಿಕದೊಳಗಿನ ಜೋಡಣೆ ಬದಲಾಗಿ ಹರಳು ಒಮ್ಮೆಲೇ ಉಬ್ಬುತ್ತದೆ. ಆರಿದಾಗ ಮತ್ತೆ ಕುಗ್ಗುತ್ತದೆ. ಹೀಗೆ ಹತ್ತಾರು ಸಲ ಆದರೆ ಕಲ್ಲು ಉದುರಿ ಮರಳಾಗುತ್ತದೆ. ಗ್ರಾನೈಟಿನಲ್ಲಿ ಸ್ಫಟಿಕದ ಜೊತೆ ಬೇರೆ ಖನಿಜಗಳೂ ಇವೆ, ಒಂದೊಂದೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತದೆ. ಆ ಜಗ್ಗಾಟದಲ್ಲಿ ಮೇಲಿನ ಪದರ ಚಕ್ಕೆ ಚಕ್ಕೆಯಾಗಿ ಸಿಡಿಯುತ್ತದೆ. ದಕ್ಷಿಣ ಭಾರತದ ಕಲ್ಲು ಒಡೆಯುವವರು ಬಂಡೆಯ ಮೇಲೆ ಬೆಂಕಿ ಹಾಕಿ ಪದರ ಎಬ್ಬಿಸುತ್ತಿದ್ದುದು ಇದೇ ಗುಣವನ್ನು ನಂಬಿ. ಇನ್ನು ಸುಣ್ಣಕಲ್ಲು. ಸುಮಾರು 900 ಡಿಗ್ರಿಯಲ್ಲಿ ಅದು ಇಂಗಾಲದ ಡೈಆಕ್ಸೈಡ್ ಬಿಟ್ಟುಕೊಟ್ಟು ಸುಟ್ಟ ಸುಣ್ಣವಾಗುತ್ತದೆ. ಸುಣ್ಣದ ಭಟ್ಟಿಯಲ್ಲಿ ಬೇಕಾಗಿ ಮಾಡುವ ಕೆಲಸವನ್ನು ಅಡುಗೆ ಒಲೆಯಲ್ಲಿ ಬೇಡದೇ ಮಾಡಿಸಿಕೊಂಡ ಹಾಗೆ. ಜ್ವಾಲೆ ನೇರ ತಾಗಿದ ಕಡೆ ಕಲ್ಲು ಸುಣ್ಣವಾದರೆ, ಮುಂದೆ ಬಿದ್ದ ಒಂದು ಮಳೆಗೆ ಅದು ಅರಳಿ ಬಿರಿಯುತ್ತದೆ.

ಇಟ್ಟಂಗಿಯ ಮಾತು ಬೇರೆ. ಅದು ಭಟ್ಟಿಯಲ್ಲಿ 900 ಡಿಗ್ರಿಗೂ ಮೇಲಿನ ಕಾವಿನಲ್ಲಿ ಸುಟ್ಟು ಬಂದದ್ದು. ಜ್ವಾಲೆ ನೇರ ತಾಗುವ ಜಾಗ ಬಿಟ್ಟರೆ ಮನೆಯ ಒಲೆಯ ಗುಮ್ಮಟ ಸಾಮಾನ್ಯವಾಗಿ 400, 450 ಡಿಗ್ರಿ ದಾಟುವುದಿಲ್ಲ. ಅಂದರೆ ಇಟ್ಟಂಗಿಗೆ ಒಲೆಯ ಕಾವು ಹೊಸದಲ್ಲ, ಅದು ಹುಟ್ಟಿದಾಗಲೇ ಅದರ ಎರಡರಷ್ಟು ಕಂಡಿದೆ. ಬೆಂಕಿಗೆ ನಿಲ್ಲುವುದು ಬೆಂಕಿ ಕಂಡ ಮಣ್ಣು. ಈ ಒಂದು ಮಾತು ಅರ್ಥವಾದರೆ ಒಲೆ ಕಟ್ಟುವ ಅರ್ಧ ವಿದ್ಯೆ ಕೈಗೆ ಬಂದಂತೆ.

ವಾರವಿಡೀ ಉರಿಸುವ ಬೇಕರಿಗಾದರೆ ಅಲ್ಯುಮಿನಾ ಹೆಚ್ಚಿರುವ ಬೆಂಕಿ ಇಟ್ಟಿಗೆ ತರುವುದು ಒಳ್ಳೆಯದು. ತಿಂಗಳಿಗೆ ನಾಲ್ಕು ಸಲ ಉರಿಸುವ ಹಿತ್ತಲ ಒಲೆಗೆ ಚೆನ್ನಾಗಿ ಸುಟ್ಟ ಊರ ಇಟ್ಟಂಗಿ ಸಾಕು. ಎರಡನ್ನು ಒಂದಕ್ಕೊಂದು ತಾಗಿಸಿದರೆ ಕಂಚಿನ ಹಾಗೆ ಖಣ್ ಎನ್ನಬೇಕು. ಒಂದು ದಿನ ನೀರಲ್ಲಿ ಮುಳುಗಿಸಿ ತೂಗಿದರೆ ಒಣ ತೂಕದ ಐದನೆಯ ಒಂದು ಪಾಲಿಗಿಂತ ಹೆಚ್ಚು ನೀರು ಕುಡಿದಿರಬಾರದು. ಮೂರು ಅಡಿಯ ಗುಮ್ಮಟಕ್ಕೆ ಅರ್ಧ ಇಟ್ಟಂಗಿಗಳು ನೂರೈವತ್ತರ ಆಸುಪಾಸು. ಒಡೆದು ಹಾಳಾಗುವುದನ್ನು ಸೇರಿಸಿದರೆ ತೊಂಬತ್ತು ಇಡೀ ಇಟ್ಟಂಗಿ ತಂದಿಟ್ಟುಕೊಳ್ಳಬೇಕು.

ನಮ್ಮ ಇಟ್ಟಂಗಿಗಳಲ್ಲಿ ಕೆಲವು ದೂರದ ದಾರಿ ಬಂದವು. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆ ಬಾಗಲಕೋಟೆಯ ಓಣಿಗಳು ಮುಳುಗಡೆಯಾಗಿ ಜನ ನವನಗರಕ್ಕೆ ಹೋದಾಗ, ನನ್ನ ಸೋದರತ್ತೆ ತಮ್ಮ ಮನೆಯ ತೊಲೆ, ಬಾಗಿಲ ಜೊತೆ ಒಂದು ಗಾಡಿ ಇಟ್ಟಂಗಿಯನ್ನೂ ತಂದಿಟ್ಟಿದ್ದರು. ಅವುಗಳಲ್ಲಿ ಹತ್ತಿಪ್ಪತ್ತು ಅಡುಗೆಮನೆಯ ಒಲೆಯ ಹಿಂದಿನ ಗೋಡೆಯವು. ಒಂದು ಮಗ್ಗುಲು ಕರ್ರಗೆ ಮಸಿ. ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಗುಡಿಯ ಕೆಳಗಿನ ಇಟ್ಟಂಗಿ

ಚಾಲುಕ್ಯರ ನಾಡಿನಲ್ಲಿ ಇಟ್ಟಂಗಿಯ ಮಾತಾಡಿದರೆ ಕೆಲವರಿಗೆ ಸಪ್ಪೆ ಎನಿಸಬಹುದು. 578ರಲ್ಲಿ ಬಾದಾಮಿಯ ಮೂರನೆಯ ಗುಹೆ ಮುಗಿಸಿದವರು, 634ರಲ್ಲಿ ಐಹೊಳೆಯ ಮೇಗುತಿ ಕಟ್ಟಿದವರು ಕಲ್ಲನ್ನು ಬೆಣ್ಣೆಯಂತೆ ಕೊರೆದವರು. ಆದರೆ ಹುನಗುಂದ ತಾಲೂಕಿನ ಅದೇ ಐಹೊಳೆಯಲ್ಲಿ, 1970ರ ದಶಕದಲ್ಲಿ ಪುರಾತತ್ವಜ್ಞ ಎಸ್.ಆರ್. ರಾವ್ ಅಂಬಿಗೇರ ಗುಡಿಯ ಹತ್ತಿರ ಅಗೆಸಿದಾಗ ತಳದಲ್ಲಿ ಸಿಕ್ಕಿದ್ದು ಇಟ್ಟಂಗಿಯಲ್ಲಿ ಕಟ್ಟಿದ ಒಂದೇ ಕೋಣೆಯ ಕಟ್ಟಡ. ಚಾಲುಕ್ಯರಿಗಿಂತ ಮುಂಚಿನ ಗುಡಿ ಅದಾಗಿರಬಹುದು, ಆಮೇಲೆ ಕಲ್ಲು ಅದರ ಜಾಗಕ್ಕೆ ಬಂದಿರಬಹುದು ಎಂದರು ಅವರು. ನಮ್ಮ ಹೆಮ್ಮೆಯ ಕಲ್ಲಿನ ತಳದಲ್ಲೂ ಇಟ್ಟಂಗಿ ಇದೆ ಎನ್ನುವುದು ನೆನಪಿಡುವ ಸಂಗತಿ.

ಚಾಲುಕ್ಯ ಶಿಲ್ಪಿಗಳು ಸೂರು ಹಾಕಿದ ಬಗೆ ಕಂಬ, ತೊಲೆ, ಚಪ್ಪಡಿಯದು. ಐಹೊಳೆಯ ಲಾಡಖಾನ್ ಗುಡಿಯ ಮೇಲೆ ಚಪ್ಪಡಿಗಳ ಸಂದಿ ಮುಚ್ಚಲು ಮರದ ದಿಮ್ಮಿಯ ಹಾಗೆ ಕೆತ್ತಿದ ಕಲ್ಲಿನ ಪಟ್ಟಿಗಳಿವೆ. ಮರದ ಮನೆಯ ನೆನಪು ಕಲ್ಲಿಗೆ ಇಳಿದಂತಿದೆ. ತೊಲೆ ಮೇಲಿನ ಭಾರಕ್ಕೆ ಬಾಗುತ್ತದೆ, ಬಾಗಿದಾಗ ಅದರ ಕೆಳಮೈ ಜಗ್ಗುತ್ತದೆ. ಕಲ್ಲಿಗೆ ಜಗ್ಗುವುದನ್ನು ತಾಳುವ ಶಕ್ತಿ ಕಡಿಮೆ. ಅದಕ್ಕೇ ಆ ಗುಡಿಗಳಲ್ಲಿ ಕಂಬಗಳು ಅಷ್ಟು ಒತ್ತೊತ್ತು. ಕಂಬವಿಲ್ಲದ ಅಗಲವಾದ ಸೂರು ಬೇಕಾದಾಗ ಕಮಾನು, ಗುಮ್ಮಟ ಬಂದವು. ಬಾದಾಮಿಯ ಗುಹೆಗಳ ಮೆಟ್ಟಿಲು ಹತ್ತುವ ಮುನ್ನ ಬುಡದಲ್ಲೇ ಗುಮ್ಮಟದ ಹಳೆಯ ಗೋರಿಯೊಂದಿದೆ. ಮೇಲೆ ಕೊರೆದ ಸೂರು, ಕೆಳಗೆ ಕಟ್ಟಿದ ಸೂರು. ಎರಡನ್ನೂ ಒಂದೇ ಕಣ್ಣಳತೆಯಲ್ಲಿ ನೋಡಬಹುದು.

ಗುಮ್ಮಟದ ನ್ಯಾಯ

ಗುಮ್ಮಟದ ದೊಡ್ಡ ಪಾಠಶಾಲೆ ನಮಗೆ ಹತ್ತಿರದಲ್ಲೇ ಇದೆ. 1997ರವರೆಗೆ ನಾವೂ ವಿಜಯಪುರ ಜಿಲ್ಲೆಯವರೇ. ವಿಜಯಪುರದ ಗೋಳಗುಮ್ಮಟ, ಮುಹಮ್ಮದ್ ಆದಿಲ್ ಶಾಹನ ಗೋರಿ, 1656ರಲ್ಲಿ ಮುಗಿದದ್ದು. ಒಳಗಿನ ಅಗಲ ಸುಮಾರು 38 ಮೀಟರ್. ಇಟ್ಟಂಗಿ ಮತ್ತು ಸುಣ್ಣದ ಗಚ್ಚಿನಲ್ಲಿ ಕಟ್ಟಿದ ಚಿಪ್ಪು, ದಪ್ಪ ಹೆಚ್ಚುಕಡಿಮೆ ಮೂರು ಮೀಟರ್. ನಡುವೆ ಒಂದೂ ಕಂಬವಿಲ್ಲ. ನಮ್ಮ ಒಲೆಗಿಂತ ಅದು ನಲವತ್ತು ಪಟ್ಟು ಅಗಲ. ಆದರೆ ಎರಡರಲ್ಲೂ ಇಟ್ಟಂಗಿ ಪಾಲಿಸುವ ನ್ಯಾಯ ಒಂದೇ.

ಕಮಾನು ಒಂದು ಬೆನ್ನೆಲುಬಿನ ಹಾಗೆ. ನೆತ್ತಿಯ ಬೀಗಗಲ್ಲು ಕೂರುವವರೆಗೆ ಅದು ತನ್ನ ಕಾಲ ಮೇಲೆ ನಿಲ್ಲದು, ಅದಕ್ಕೇ ಕೆಳಗೆ ಮರದ ಆಸರೆ ಬೇಕು. ಗುಮ್ಮಟ ಹಾಗಲ್ಲ. ಅದು ಒಂದರ ಮೇಲೊಂದು ಇಟ್ಟ ಬಳೆಗಳ ಸಾಲು. ಒಂದು ಸುತ್ತಿನ ಇಟ್ಟಂಗಿಗಳೆಲ್ಲ ಒಳಗೆ ಬೀಳಲು ನೋಡುತ್ತವೆ. ಎಲ್ಲವೂ ಏಕಕಾಲಕ್ಕೆ ಒಳಗೆ ನುಗ್ಗಿದರೆ ಜಾಗ ಸಾಲದು, ಒಂದರ ಭುಜಕ್ಕೆ ಒಂದು ತಾಗಿ ಬಿಗಿಯುತ್ತವೆ. ಬೀಳಬೇಕೆನ್ನುವ ಒತ್ತಡವೇ ಬೀಳದ ಹಾಗೆ ಹಿಡಿಯುತ್ತದೆ. ಮುಗಿದ ಪ್ರತಿ ಸುತ್ತೂ ತನಗೆ ತಾನೇ ಪೂರ್ಣ. ನಡುವೆ ಕೆಲಸ ನಿಲ್ಲಿಸಿ ನೆತ್ತಿಯಲ್ಲಿ ಕಿಂಡಿ ಬಿಟ್ಟರೂ ಗುಮ್ಮಟ ನಿಲ್ಲುತ್ತದೆ. ಇಟಲಿಯ ಫ್ಲಾರೆನ್ಸಿನಲ್ಲಿ 1420ರಿಂದ 1436ರವರೆಗೆ ಬ್ರುನೆಲೆಸ್ಕಿ ನೆಲದಿಂದ ಮರದ ಆಸರೆ ಎತ್ತದೇ ಅಷ್ಟು ದೊಡ್ಡ ಗುಮ್ಮಟ ಕಟ್ಟಿದ್ದು ಈ ಗುಣವನ್ನು ನೆಚ್ಚಿ. ಹಸಿ ಗಾರೆಯ ಮೇಲಿನ ಇಟ್ಟಂಗಿ ಜಾರದಿರಲೆಂದು ಅವನು ನಡುನಡುವೆ ಇಟ್ಟಂಗಿಯನ್ನು ನೆಟ್ಟಗೆ ನಿಲ್ಲಿಸಿ ಹಿಡಿಕೆ ಮಾಡಿಕೊಂಡ. ನಮ್ಮ ಹಿತ್ತಲಲ್ಲಿ ಆ ಹಿಡಿಕೆ ನಮ್ಮ ಕೈಗಳು.

ಆದರೆ ಗುಮ್ಮಟದ ಎಲ್ಲ ಸುತ್ತುಗಳೂ ಬಿಗಿಯುವುದಿಲ್ಲ. ಅರ್ಧಗೋಲದ ನೆತ್ತಿಯಿಂದ ಸುಮಾರು 52 ಡಿಗ್ರಿ ಇಳಿಯುವವರೆಗಿನ ಬಳೆಗಳು ಬಿಗಿಯುತ್ತವೆ, ಅದರ ಕೆಳಗಿನವು ಹಿಗ್ಗಿ ಬಾಯಿ ತೆರೆಯಲು ನೋಡುತ್ತವೆ. ಹಳೆಯ ಗುಮ್ಮಟಗಳ ಬುಡದಲ್ಲಿ ಉದ್ದುದ್ದ ಬಿರುಕು ಕಾಣುವುದು ಇದಕ್ಕೇ. ಗೋಳಗುಮ್ಮಟದ ಕಟ್ಟೋಣದವರು ಎಂಟು ಕಮಾನುಗಳನ್ನು ಒಂದನ್ನೊಂದು ಕತ್ತರಿಸುವಂತೆ ಹೆಣೆದು, ಚೌಕವನ್ನು ವೃತ್ತಕ್ಕೆ ಇಳಿಸಿದರು. ಒಳಕ್ಕೆ ಚಾಚಿದ ಆ ಹೆಣಿಗೆಯ ಭಾರ ಗುಮ್ಮಟ ಹೊರಕ್ಕೆ ತಳ್ಳುವ ಒತ್ತಡಕ್ಕೆ ಎದುರು ನಿಂತಿದೆ. ನಮ್ಮ ಒಲೆಯಲ್ಲಿ ಹಿಗ್ಗುವ ಭಾಗ ಎಂದರೆ ತಳದಿಂದ ಹನ್ನೊಂದು ಇಂಚಿನವರೆಗೆ, ಕೆಳಗಿನ ಮೂರು ಸುತ್ತು ಮತ್ತು ನಾಲ್ಕನೆಯದರ ಒಂದು ಪಾಲು. ಅದರ ಸುತ್ತ ಎತ್ತಿನ ಗಾಡಿಯ ಚಕ್ರಕ್ಕೆ ಹಾಕುವಂಥ ಕಬ್ಬಿಣದ ಪಟ್ಟಿಯೊಂದನ್ನು ಬಿಗಿದು, ಹೊರಗಿನಿಂದ ಮಣ್ಣು ಮೆತ್ತಿದೆವು. ಚಿಪ್ಪಿನ ದಪ್ಪ ನಾಲ್ಕೂವರೆ ಇಂಚು. ಅಗಲಕ್ಕೆ ಹೋಲಿಸಿದರೆ ಎಂಟರಲ್ಲಿ ಒಂದು ಪಾಲು. ಗೋಳಗುಮ್ಮಟದಲ್ಲಿ ಅದು ಹನ್ನೆರಡರಲ್ಲಿ ಒಂದಕ್ಕಿಂತ ಕಡಿಮೆ.

ಎರೆ ಮಣ್ಣು ಕಲಿಸಿದ್ದು

ಗುಮ್ಮಟವೊಂದೇ ಮೂರು ಕ್ವಿಂಟಲ್ ತೂಗುತ್ತದೆ. ನಮ್ಮ ಭಾಗದ ಎರೆ ನೆಲ ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಕಟ್ಟಿದ್ದು ಯಾವುದೂ ನೆಟ್ಟಗೆ ನಿಲ್ಲದು. ಗರಸು ಸಿಗುವವರೆಗೆ ಅಗೆದು ಬುನಾದಿ ತುಂಬಿದೆವು. ಅದರ ಮೇಲೆ ಮೊಣಕೈ ಎತ್ತರದ ಕಟ್ಟೆ. ಕಟ್ಟೆಗೆ ಇಳಕಲ್ಲಿನ ಗ್ರಾನೈಟ್ ತುಂಡು. ಬೆಂಕಿಗೆ ಸೋತ ಕಲ್ಲು ಭಾರಕ್ಕೆ ಗೆಲ್ಲುತ್ತದೆ, ಅದಕ್ಕೆ ಅದರ ಜಾಗ ಕೊಡಬೇಕು ಅಷ್ಟೇ.

ಕಟ್ಟೆಯ ಮೇಲೆ ನೇರವಾಗಿ ಒಲೆಯ ನೆಲ ಹಾಸಿದರೆ ಕಾವೆಲ್ಲ ಕಲ್ಲಿಗೆ ಇಳಿದುಹೋಗುತ್ತದೆ. ನಡುವೆ ನಾಲ್ಕು ಇಂಚು ಕಾವು ತಡೆಯುವ ಪದರ ಬೇಕು. ಗಂಗಾವತಿ, ಕಾರಟಗಿ ಕಡೆಯ ಅಕ್ಕಿ ಗಿರಣಿಗಳಲ್ಲಿ ಭತ್ತದ ಹೊಟ್ಟು ಸುಟ್ಟ ಬೂದಿ ಸಿಗುತ್ತದೆ. ಬಹುಪಾಲು ಸಿಲಿಕಾ, ಒಳಗೆಲ್ಲ ಸಣ್ಣ ಗಾಳಿಗೂಡು, ಕಾವನ್ನು ಸುಲಭಕ್ಕೆ ದಾಟಿಸದು. ಐದಾರು ಪಾಲು ಬೂದಿಗೆ ಒಂದು ಪಾಲು ತೆಳು ಮಣ್ಣಿನ ರಾಡಿ ಕಲಸಿ ಹಾಸಿದೆವು. ಈ ಬೂದಿ ಕಲಸುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಲೇಬೇಕು, ಅದರ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಅದರ ಮೇಲೆ ಸಣ್ಣ ಉಸುಕು, ಉಸುಕಿನ ಮೇಲೆ ಗಾರೆಯಿಲ್ಲದೆ ಒತ್ತಾಗಿ ಕೂರಿಸಿದ ಇಟ್ಟಂಗಿ ಹಾಸು. ಸಾಲನ್ನು ಬಾಗಿಲಿಗೆ ಓರೆಯಾಗಿ ಹಾಕಿದರೆ ಸಲಿಕೆ ಅಂಚಿಗೆ ಸಿಕ್ಕಿಕೊಳ್ಳದು. ಒಂದು ಇಟ್ಟಂಗಿ ಸವೆದರೆ ಅದೊಂದನ್ನೇ ಕಿತ್ತು ಬದಲಿಸಬಹುದು.

ಆಮೇಲೆ ಗಾರೆ. ಇಲ್ಲಿ ನಾನು ತಪ್ಪಿದೆ. ಸಿಮೆಂಟ್ ಬೇಡ ಎಂಬುದು ಗೊತ್ತಿತ್ತು. ಗಟ್ಟಿಯಾದ ಸಿಮೆಂಟಿನೊಳಗೆ ಸೇರಿಕೊಂಡ ನೀರು ನಾಲ್ಕೈನೂರು ಡಿಗ್ರಿಯಲ್ಲಿ ಬಿಟ್ಟುಹೋಗಿ ಅದು ಪುಡಿಯಾಗುತ್ತದೆ. ಮಣ್ಣೇ ಸರಿ ಎಂದು ಹೊಲದ ಎರೆ ಮಣ್ಣನ್ನು ತಂದೆ, ಅಂಟು ಚೆನ್ನಾಗಿದೆ ಎಂದು ಬೀಗಿದೆ. ಅಜ್ಜ ಊರಲ್ಲಿಲ್ಲದ ಎರಡು ದಿನದಲ್ಲಿ ಮೂರು ಸುತ್ತು ಕಟ್ಟಿ ಮುಗಿಸಿದೆ. ನಾಲ್ಕನೆಯ ದಿನ ಬಿಸಿಲಿಗೆ ಎಲ್ಲ ಸಂದಿಗಳೂ ಬೇಸಿಗೆಯ ಹೊಲದ ಹಾಗೆ ಬಾಯಿ ಬಿಟ್ಟಿದ್ದವು. ಇಟ್ಟಂಗಿ ಎತ್ತಿದರೆ ಕೈಗೇ ಬಂತು. ನೀರು ಕುಡಿದು ಉಬ್ಬುವ ಮಣ್ಣು ಒಣಗಿದಾಗ ಅಷ್ಟೇ ಕುಗ್ಗುತ್ತದೆ. ಹೊಲದಲ್ಲಿ ಜೋಳಕ್ಕೆ ತೇವ ಹಿಡಿದು ಕೊಡುವ ಗುಣವೇ ಗೋಡೆಗೆ ಕೇಡು. ಅಜ್ಜ ಬಂದು ನೋಡಿದರು, ಬೈಯಲಿಲ್ಲ. "ಎರಿ ಮಣ್ಣ ಬೆಳಿಯಾಕ, ಹುತ್ತದ ಮಣ್ಣ ಕಟ್ಟಾಕ" ಅಂದರು.

ಹುತ್ತದ ಮಣ್ಣು ಗೆದ್ದಲು ಕಣಕಣವಾಗಿ ಆಯ್ದು ತಂದು ಎಂಜಲಲ್ಲಿ ಅಂಟಿಸಿದ್ದು. ಕಲ್ಲು ಹರಳಿಲ್ಲದ ನಯ ಮಣ್ಣು. ನಮ್ಮ ತಾಯಂದಿರು ಒಲೆ ಹಾಕಲು ಇದನ್ನೇ ಹುಡುಕಿ ತರುತ್ತಿದ್ದರು. ಗೆದ್ದಲು ಬಿಟ್ಟುಹೋದ ಪಾಳು ಹುತ್ತ ನೋಡಿ ತಂದು, ಒಂದು ಪಾಲಿಗೆ ಮೂರು ಪಾಲು ಜರಡಿ ಹಿಡಿದ ಉಸುಕು ಸೇರಿಸಿ, ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಕಾಲಲ್ಲಿ ತುಳಿದೆವು. ಅಂಗೈ ಅಗಲದ ಹಪ್ಪಳ ಮಾಡಿ ಒಣಗಿಸಿ ನೋಡಿದೆವು. ಬಿರಿದರೆ ಉಸುಕು ಸಾಲದು, ಉಜ್ಜಿದರೆ ಪುಡಿಯಾದರೆ ಉಸುಕು ಹೆಚ್ಚು. ಮೂರನೆಯ ಹಪ್ಪಳ ಬಿರಿಯಲೂ ಇಲ್ಲ, ಉದುರಲೂ ಇಲ್ಲ.

ಒಂದು ಕೋಲು, ಒಂಬತ್ತು ಸುತ್ತು

ಗುಮ್ಮಟಕ್ಕೆ ಬೇಕಾದ ದೊಡ್ಡ ಸಲಕರಣೆ ಹದಿನೆಂಟು ಇಂಚಿನ ಒಂದು ಕೋಲು. ಹಾಸಿನ ನಟ್ಟನಡುವೆ ಮೊಳೆ ಹೊಡೆದು, ಎಲ್ಲ ಕಡೆ ತಿರುಗುವಂತೆ ಕೋಲಿನ ಒಂದು ತುದಿ ಅದಕ್ಕೆ ಕಟ್ಟಬೇಕು. ಇನ್ನೊಂದು ತುದಿ ಯಾವ ಕಡೆಗೆ ತಿರುಗಿದರೂ ನಡುವಿನಿಂದ ಅಷ್ಟೇ ದೂರ. ಆ ತುದಿ ತಾಗಿದಲ್ಲಿ ಇಟ್ಟಂಗಿಯ ಒಳಮುಖ ಇರಬೇಕು, ಇಟ್ಟಂಗಿಯ ಓರೆ ಕೋಲಿನ ಓರೆಯಂತೆಯೇ ಇರಬೇಕು. ಕಣ್ಣಳತೆ ಮೋಸ ಮಾಡೀತು, ಕೋಲು ಮಾಡದು. ಕೋಲು ಒಲ್ಲದವರು ಒದ್ದೆ ಉಸುಕಿನ ಗುಡ್ಡೆ ಹಾಕಿ, ಅದರ ಮೇಲೆ ಒದ್ದೆ ಕಾಗದ ಅಂಟಿಸಿ, ಇಟ್ಟಂಗಿ ಹೊದಿಸಿ, ಆಮೇಲೆ ಬಾಗಿಲಿಂದ ಉಸುಕು ಬಗೆದು ತೆಗೆಯುತ್ತಾರೆ. ಅದೂ ಒಳ್ಳೆಯ ದಾರಿಯೇ.

ಇಟ್ಟಂಗಿಯನ್ನು ಅರ್ಧಕ್ಕೆ ಒಡೆದು, ಒಡೆದ ಒರಟು ಮುಖ ಹೊರಗೆ, ನಯ ಮುಖ ಒಳಗೆ. ಇಡುವ ಮುನ್ನ ನೀರಲ್ಲಿ ಅದ್ದಬೇಕು, ಇಲ್ಲದಿದ್ದರೆ ಒಣ ಇಟ್ಟಂಗಿ ಗಾರೆಯ ನೀರನ್ನೆಲ್ಲ ಕುಡಿದು ಅಂಟು ಕೆಡಿಸುತ್ತದೆ. ಒಳಗಡೆ ಇಟ್ಟಂಗಿಗಳು ಒಂದಕ್ಕೊಂದು ತಾಗಿರಬೇಕು. ಹೊರಗಡೆ ಬೆಣೆಯಾಕಾರದ ಸಂದಿಗೆ ಮಣ್ಣು ಮತ್ತು ಇಟ್ಟಂಗಿ ಚೂರು. ತಳದ ಸುತ್ತಿನಲ್ಲಿ, ಬಾಗಿಲಿನ ಜಾಗವನ್ನೂ ಲೆಕ್ಕ ಹಿಡಿದರೆ, ಇಪ್ಪತ್ತೈದು ತುಂಡು. ಮೇಲೇರಿದಂತೆ ಕಡಿಮೆ. ಒಟ್ಟು ಒಂಬತ್ತು ಸುತ್ತು. ಕೆಳಗಿನ ಸುತ್ತಿನ ಸಂದಿಯ ಮೇಲೆ ಮೇಲಿನ ಸುತ್ತಿನ ಸಂದಿ ಬರಬಾರದು. ಅತ್ತೆ ಮನೆಯ ಮಸಿ ಹಿಡಿದ ಇಟ್ಟಂಗಿಗಳನ್ನು ನೆತ್ತಿಯ ಸುತ್ತುಗಳಿಗೆ ಇಟ್ಟುಕೊಂಡೆವು, ಮಸಿ ಮುಖ ಒಳಗಾಗಿ.

ಬಾಗಿಲ ಎತ್ತರದಲ್ಲಿ ಒಂದು ಹಳೆಯ ಲೆಕ್ಕವಿದೆ. ಗುಮ್ಮಟದ ಎತ್ತರದ ನೂರಕ್ಕೆ 63 ಪಾಲು. ಹದಿನೆಂಟು ಇಂಚಿಗೆ ಹನ್ನೊಂದೂ ಕಾಲು. ಅದಕ್ಕಿಂತ ಎತ್ತರವಾದರೆ ಬಿಸಿಗಾಳಿ ಸೋರಿಹೋಗುತ್ತದೆ, ತಗ್ಗಾದರೆ ಬೆಂಕಿಗೆ ಉಸಿರು ಸಾಲದೆ ಹೊಗೆ ಹಿಡಿಯುತ್ತದೆ. ತಣ್ಣನೆ ಗಾಳಿ ಬಾಗಿಲ ಕೆಳಭಾಗದಿಂದ ಒಳಗೆ ಬಂದು, ಬೆಂಕಿಯನ್ನು ದಾಟಿ, ಗುಮ್ಮಟದ ಬೆನ್ನು ಸವರಿ, ಬಾಗಿಲ ಮೇಲ್ಭಾಗದಿಂದ ಹೊರಬೀಳುತ್ತದೆ. ಹೊಗೆಕೊಳವೆಯ ಜಾಗ ಗುಮ್ಮಟದ ನೆತ್ತಿಯಲ್ಲ, ಬಾಗಿಲ ಮುಂದೆ. ಈ ಬಗೆಯ ಒಲೆ ಹೊಸದಲ್ಲ: ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪಾಂಪೆಯ ಬೇಕರಿಗಳಲ್ಲೂ ಇಟ್ಟಂಗಿ ಗುಮ್ಮಟದ ಒಲೆಗಳೇ ನಿಂತಿವೆ. ಬಾಗಿಲ ಮುಂದಿನ ಹೊಸ್ತಿಲಿಗೆ ಬಾದಾಮಿಯ ಮರಳುಗಲ್ಲಿನ ಒಂದು ಹಲಗೆ ಹಾಕಿದೆವು. ಅಲ್ಲಿಗೆ ಬೆಂಕಿ ಬಾರದು, ಬಿಸಿ ಪಾತ್ರೆ ಮಾತ್ರ ಬರುತ್ತದೆ.

ಚಿಪ್ಪು ಒಣಗಿದ ಮೇಲೆ ಅದರ ಮೇಲೂ ನಾಲ್ಕು ಇಂಚು ಬೂದಿ ಮಣ್ಣಿನ ಹೊದಿಕೆ, ಹೊರಗೆ ಸುಣ್ಣದ ಗಿಲಾವು. ಅಲ್ಲಿಗೆ ಬರುವಷ್ಟರಲ್ಲಿ ಕಾವು ಸೋತಿರುತ್ತದೆ, ಆದ್ದರಿಂದ ಸುಣ್ಣಕ್ಕೆ ಭಯವಿಲ್ಲ. ಸುಣ್ಣದ ಗಿಲಾವು ಒಳಗಿನ ತೇವವನ್ನು ಉಸಿರಾಗಿ ಹೊರಬಿಡುತ್ತದೆ, ಮಳೆಯನ್ನು ತಡೆಯುತ್ತದೆ. ಹೀಗೆ ಜಿಲ್ಲೆಯ ಮೂರು ಕಲ್ಲಿಗೂ ಒಲೆಯಲ್ಲಿ ಕೆಲಸ ಸಿಕ್ಕಿತು: ಗ್ರಾನೈಟಿಗೆ ಭಾರ, ಮರಳುಗಲ್ಲಿಗೆ ಹೊಸ್ತಿಲು, ಸುಣ್ಣಕ್ಕೆ ಮಳೆ. ಬೆಂಕಿಯ ಎದುರು ಕೂತದ್ದು ಇಟ್ಟಂಗಿ.

ಮೊದಲ ಉರಿ

ಮೂರು ವಾರ ನೆರಳಲ್ಲಿ ಒಣಗಲಿ, ಒದ್ದೆ ಗೋಣಿಚೀಲ ಹೊದಿಸಿ ನಿಧಾನವಾಗಿ ಒಣಗಲಿ ಎಂದರು ಅಜ್ಜ. ಅವಸರ ಮಾಡಿದರೆ ಕೆಡುವುದು ಇಲ್ಲೇ. ಒಳಗೆ ಉಳಿದ ನೀರು ಆವಿಯಾದರೆ ಸಾವಿರದ ಆರುನೂರು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ, ದಾರಿ ಸಿಗದಿದ್ದರೆ ಮಣ್ಣನ್ನು ಸೀಳಿ ದಾರಿ ಮಾಡಿಕೊಳ್ಳುತ್ತದೆ. ಮೊದಲ ದಿನ ಒಂದು ಹಿಡಿ ಹತ್ತಿ ಕಟ್ಟಿಗೆ, ಗೋಡೆ ಮುಟ್ಟಿದರೆ ಕೈ ತಾಳುವಷ್ಟು ಕಾವು. ಮರುದಿನ ತುಸು ಹೆಚ್ಚು. ಆರನೆಯ ದಿನದವರೆಗೂ ಗಿಲಾವಿನ ಮೇಲೆ ಬೆವರಿನ ಹಾಗೆ ತೇವ ಮೂಡುತ್ತಿತ್ತು. ಏಳನೆಯ ದಿನ ಮೂಡಲಿಲ್ಲ.

ಉರಿಗೆ ನಮಗೆ ಬಳ್ಳಾರಿ ಜಾಲಿ. ಹಳ್ಳದ ದಂಡೆ, ಬೀಳು ಹೊಲ ಎಲ್ಲ ಆವರಿಸಿರುವ ಮುಳ್ಳಿನ ಗಿಡ. ಹೊಲಕ್ಕೆ ಶತ್ರು, ಒಲೆಗೆ ಗೆಳೆಯ. ಗಟ್ಟಿ ಕಟ್ಟಿಗೆ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಹೊತ್ತಿಸಲು ತೊಗರಿ ಕಟ್ಟಿಗೆ. ಒಣಗಿದ ಕಟ್ಟಿಗೆಯನ್ನೇ ಹಾಕಬೇಕು. ಹಸಿ ಕಟ್ಟಿಗೆಯ ಕಾವಿನ ದೊಡ್ಡ ಪಾಲು ತನ್ನ ನೀರನ್ನು ಕುದಿಸಲಿಕ್ಕೇ ಹೋಗುತ್ತದೆ, ಉಳಿದದ್ದು ಹೊಗೆ. ಹೊಗೆ ತಿಂದು ಕಣ್ಣು, ಎದೆ ಕೆಡಿಸಿಕೊಂಡ ಹೆಣ್ಣುಮಕ್ಕಳಿಗಾಗಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರ ಹಳ್ಳಿಗಳಿಗೆ ಹೊಗೆಕೊಳವೆಯ ಅಸ್ತ್ರ ಒಲೆ ಮಾಡಿಕೊಟ್ಟಿತ್ತು. ಹಿತ್ತಲ ಒಲೆ ಕಟ್ಟುವವರೂ ಆ ಕಾಳಜಿಯನ್ನು ಬಿಡಬಾರದು. ಒಲೆ ಬಯಲಲ್ಲಿರಲಿ, ಕೊಳವೆ ತಲೆಗಿಂತ ಎತ್ತರವಿರಲಿ.

ಉರಿ ಹಾಕಿದ ಮೊದಲ ಅರ್ಧ ತಾಸು ಗುಮ್ಮಟದ ಒಳಗೆಲ್ಲ ಮಸಿ ಕಟ್ಟುತ್ತದೆ. ಕಾವು 370 ಡಿಗ್ರಿಯ ಸುತ್ತಮುತ್ತ ಬಂದಾಗ ಆ ಮಸಿ ತಾನೇ ಉರಿದು ಹೋಗುತ್ತದೆ. ನೆತ್ತಿಯಲ್ಲಿ ಮೊದಲು ಬೆಳ್ಳನೆ ಚುಕ್ಕೆ ಕಾಣುತ್ತದೆ, ಆಮೇಲೆ ಅದು ಮೊರದಗಲ ಆಗುತ್ತದೆ, ಆಮೇಲೆ ತಳದವರೆಗೆ ಇಳಿಯುತ್ತದೆ. ಮಾಪಕ ಬೇಡ, ಒಲೆಯೇ ಹೇಳುತ್ತದೆ ತಾನು ಕಾದಿದ್ದೇನೆ ಎಂದು.

ನಮ್ಮ ಹೆಂಚು ರೊಟ್ಟಿಗೆ ಕೆಳಗಿನಿಂದ ಮಾತ್ರ ಕಾವು ಕೊಡುತ್ತದೆ. ಅದಕ್ಕೇ ಅವ್ವ ರೊಟ್ಟಿಯನ್ನು ಕೊನೆಗೆ ಕೆಂಡದ ಮುಂದೆ ಒಡ್ಡಿ ಉಬ್ಬಿಸುತ್ತಿದ್ದದ್ದು. ಗುಮ್ಮಟದಲ್ಲಿ ಆ ಕೆಂಡದ ಮುಖ ಎಲ್ಲ ಕಡೆಯಿಂದಲೂ ಇದೆ: ಹಾಸಿನಿಂದ ಮುಟ್ಟಿ ಬರುವ ಕಾವು, ಸುಳಿಯುವ ಗಾಳಿಯ ಕಾವು, ಇಟ್ಟಂಗಿ ಮೈಯಿಂದ ಬಿಸಿಲಿನ ಹಾಗೆ ಸುರಿಯುವ ಕಾವು. ಮೊದಲ ತಾಸು ಗೋಧಿ ರೊಟ್ಟಿ, ನಾನ್ ಎರಡು ನಿಮಿಷದಲ್ಲಿ ಉಬ್ಬುತ್ತವೆ, ಬದನೆಕಾಯಿ ಸಿಪ್ಪೆ ಕಪ್ಪಾಗಿ ಒಳಗೆ ಬೆಣ್ಣೆಯಾಗುತ್ತದೆ. ಕೆಂಡ ಎಳೆದು ಬಾಗಿಲು ಮುಚ್ಚಿ ಕಾವು 220 ಡಿಗ್ರಿಗೆ ಇಳಿದಾಗ ಪಾವ್. ಆಮೇಲೆ ಶೇಂಗಾ. ರಾತ್ರಿಗೆ ಮಡಕೆಯಲ್ಲಿ ಗೋಧಿ ಹುಗ್ಗಿ ಇಟ್ಟು ಬಾಗಿಲು ಮುಚ್ಚಿದರೆ ಬೆಳಗಿಗೆ ತಳ ಹತ್ತದೇ ಬೆಂದಿರುತ್ತದೆ. ಒಮ್ಮೆ ಹಾಕಿದ ಉರಿಗೆ ಒಂದು ದಿನದ ಅಡುಗೆ. ಕಟ್ಟಿಗೆ ಉಳಿಸಿದ್ದು ದಪ್ಪನೆಯ ಇಟ್ಟಂಗಿ ಮತ್ತು ಅದರ ಮೇಲಿನ ಬೂದಿ ಹೊದಿಕೆ.

ಅಷ್ಟು ಕಾವು ಒಂದು ಮನೆಗೆ ಹೆಚ್ಚು. ಓಣಿಯವರಿಗೆ ಹೇಳಿ ಕಳಿಸುತ್ತೇವೆ. ಹಿಟ್ಟು ಅವರದು, ಕಾವು ನಮ್ಮದು.

ಮೊದಲ ಪೂರ್ತಿ ಉರಿ ಹಾಕಿದ ಮರುದಿನ ನವನಗರದಿಂದ ಸೋದರತ್ತೆ ಬಂದರು. ಬಾಗಿಲಲ್ಲಿ ಬಗ್ಗಿ, ಒಳಗೆ ಬಹಳ ಹೊತ್ತು ನೋಡಿದರು. "ನಮ್ಮ ಮನಿ ಇಟ್ಟಂಗಿ ಯಾವುವು?" ಎಂದು ಕೇಳಿದರು. ನಾನೂ ಹುಡುಕಿದೆ. ಮುಳುಗಿದ ಮನೆಯ ಅಡುಗೆ ಹೊಗೆಯ ಆ ಮಸಿ, ತಿಕ್ಕಿದರೆ ಹೋಗದಿದ್ದದ್ದು, ಒಂದು ರಾತ್ರಿಯ ಉರಿಗೆ ಹೋಗಿತ್ತು. ತಳದಿಂದ ನೆತ್ತಿಯವರೆಗೆ ಎಲ್ಲ ಇಟ್ಟಂಗಿಗೂ ಒಂದೇ ಬಣ್ಣ. ಕೈ ಒಳಗೆ ಚಾಚಿ ಅವರು ಕಾವು ನೋಡಿದರು, ಇನ್ನೂ ಇತ್ತು. ಜೊತೆಗೆ ತಂದಿದ್ದ ಬುಟ್ಟಿಯ ಬಟ್ಟೆ ಸರಿಸಿ, ಜೋಳದ ರೊಟ್ಟಿಗಳನ್ನು ಕಟಕ ಆಗಲೆಂದು ಒಂದೊಂದಾಗಿ ಒಳಗೆ ಹರವಿ, ಬಾಗಿಲು ಮುಚ್ಚಿದರು.